ಹುಳದ ಮನೆಯ ಹೊಸಿಲು

ಶಿವರಾತ್ರಿ ಕಳೆದ ಬಿಸಿಲುಗಾಲದ ಒಂದು ಸೋಮವಾರ, ಕೊತ್ತಗೆರೆಯಲ್ಲಿ ಇನ್ನೂ ಬೆಳಕು ಹರಿಯದ ಹೊತ್ತು. ಗಂಗಲಕ್ಷ್ಮಮ್ಮ ಗಂಡನ ಹೆಣದ ತಲೆದೆಸೆಯಿಂದ ಎದ್ದು ಬಚ್ಚಲಿಗೆ ಹೊರಟಳು. ನಾದಿನಿ ಪ್ರೇಮಲತಾ ಸೆರಗು ಹಿಡಿದಳು.

"ಎಲ್ಲಿಗ್ ಹೊಂಟ್ರಿ ಅತ್ಗೆ?"

"ಮೈ ತೊಳ್ಕೊಂಡು ಹುಳ ಕೊಡ್ತೀನವ್ವ. ಎರಡ್ನೇ ಜ್ವರ ಬಿಟ್ಟು ಎದ್ದವೆ."

"ಆಮೇಲೆ ಅಣ್ಣನ್ನ ಮುಟ್ಟಂಗಿಲ್ಲ!"

"ಗೊತ್ತು ಕಣೆ."

ಹೆಣ ಮುಟ್ಟಿದವರು ಸ್ನಾನ ಮಾಡದೆ ಹುಳದ ಮನೆಗೆ ಕಾಲಿಡುವಂತಿಲ್ಲ. ಸ್ನಾನ ಮಾಡಿದರೆ ಕೊನೆಯ ಟ್ರೇ ಹೋಗುವ ತನಕ ಹೆಣ ಮುಟ್ಟುವಂತಿಲ್ಲ. ಬಿಸಿಲೇರುವ ಮುಂಚೆ ಹೆಣ ಎತ್ತಬೇಕೆಂದು ಹಿರಿಯರು ಹೇಳಿಯಾಗಿತ್ತು. ಮಗ ಗಂಗಾಧರ್ ಕೊಳ್ಳಿ ಇಡುವವನು. ಹುಳದ ಕೆಲಸ ಬಲ್ಲವರು ಅವಳ ಹೊರತು ಇನ್ನೊಬ್ಬರಿಲ್ಲ.

ರೇಷ್ಮೆಹುಳವನ್ನು ಮೊಟ್ಟೆಯಿಂದ ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಪೊರೆ ಬಿಡುವವರೆಗೆ ಸಾಕಿ, ಬೆಳೆಗಾರರ ಬಾಗಿಲಿಗೆ ಮುಟ್ಟಿಸುವುದು ಅವಳ ಗಂಡ ಚಿಕ್ಕಹನುಮಯ್ಯನ ಕಸುಬಾಗಿತ್ತು. ಆ ಬೆಳೆಗಾರರೇ ಈಗ ಅಂಗಳದಲ್ಲಿ ತಲೆತಗ್ಗಿಸಿ ನಿಂತಿದ್ದರು. ಅವರಿಗೆ ಹುಳ ಮುಟ್ಟಬೇಕಾದ ದಿನ ಇವತ್ತೇ.

"ನಮ್ದು ಬುಡಿ ಅಕ್ಕ, ಇನ್ನೊಂದ್ ಬೆಳೆ ನೋಡಾನ," ಎಂದ ಮಾರ್ಕೋನಹಳ್ಳಿಯ ರೇವಣಸಿದ್ದಯ್ಯ.

"ಗಿಡದಲ್ಲಿ ಸೊಪ್ಪು ಬಲಿತು ನಿಂತದೆ. ಯಾರ್ ತಿಂತಾರೆ, ನೀನಾ?"

* * *

ಒಮ್ಮೆ ತುಮಕೂರು ಕಡೆಯ ದೊಡ್ಡ ಕೇಂದ್ರವೊಂದು ಅಗ್ಗಕ್ಕೆ ಹುಳ ಕೊಡತೊಡಗಿತ್ತು. ಊರವರೆಲ್ಲ ಅತ್ತ ವಾಲಿದರು. ಅವರ ಗಾಡಿ ಬರುವುದು ಸುಡುಮಧ್ಯಾಹ್ನಕ್ಕೆ, ಹುಳ ಬಾಡಿರುತ್ತಿದ್ದವು. ಅದೇ ಬೆಳೆಯಲ್ಲಿ ಚಿಕ್ಕಹನುಮಯ್ಯನ ಆಟೊ ದಾರಿಯಲ್ಲಿ ಕೆಟ್ಟಿತು. ಉಳಿದ ಒಬ್ಬನೇ ಗಿರಾಕಿಯ ಮನೆಗೆ ಟ್ರೇ ತಲೆಮೇಲೆ ಹೊತ್ತು ನಡೆದ.

"ನಾಳೆ ಕೊಟ್ರೆ ಏನಾಗೋದು?" ಎಂದಳು ಗಂಗಲಕ್ಷ್ಮಮ್ಮ, ಅವನ ಕಾಲು ತಿಕ್ಕುತ್ತಾ.

"ಹುಳಕ್ಕೆ ಹಸಿವು ಇವತ್ತೇ ಅಲ್ವೇನೇ? ಆಟೊ ಕೆಟ್ಟಿದ್ದು ಅದುಕ್ಕೇನ್ ಗೊತ್ತು?"

ಮುಂದಿನ ಬೆಳೆಗೆ ಹೋದವರೆಲ್ಲ ತಿರುಗಿ ಬಂದಿದ್ದರು.

* * *

ಒದ್ದೆ ಕೂದಲಲ್ಲೇ ಗಂಗಲಕ್ಷ್ಮಮ್ಮ ಒಂದೊಂದಾಗಿ ಟ್ರೇ ದಾಟಿಸುತ್ತಿದ್ದಳು. ಹೆಣ ಮುಟ್ಟದವರು ಹೊಸಿಲಾಚೆ ನಿಂತು ಈಸಿಕೊಂಡರು. ಅಂಗಳದಿಂದ ಗಂಗಾಧರ್ ಕೂಗಿದ.

"ಅವ್ವಾ, ಎತ್ತಾವ್ರೆ. ಬಂದು ಒಂದ್ಸಲ ಮುಟ್ಬುಡವ್ವ!"

"ಇನ್ನೂ ಅವೆ ಕಣಪ್ಪ..."

ತಡೀರೋ ಎನ್ನಲು ಬಾಯಿ ತೆರೆದಳು. ಬಿಸಿಲು ಆಗಲೇ ಮಾಡಿನಿಂದ ಗೋಡೆಗಿಳಿದಿತ್ತು.

"ಕರ್ಕೊಂಡ್ ಹೋಗ್ರಪ್ಪ."

ಚಟ್ಟ ಹುಳದ ಮನೆಯ ಮುಂದೆಯೇ ಹಾದುಹೋಯಿತು, ಕೈಚಾಚಿದರೆ ಸಿಗುವಷ್ಟು ಹತ್ತಿರ. ಅವಳ ಎರಡೂ ಕೈಯಲ್ಲಿ ಟ್ರೇ ಇತ್ತು. ಒಳಗೆ ಎಳೆಹುಳಗಳು ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು.

ಆ ಸೋಮವಾರ ಕೊತ್ತಗೆರೆಯಿಂದ ಹುಳಗಳೂ ಹೋದವು, ಚಿಕ್ಕಹನುಮಯ್ಯನೂ ಹೋದ.