ಬಟ್ಟೆಯೋ ದಾರವೋ

ಪ್ರವೇಶ ಪರೀಕ್ಷೆ ಹತ್ತಿರ ಬಂತೆಂದರೆ ಟೈಲರಕ್ಕನ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಪರೀಕ್ಷೆಯ ಕೋಣೆಗೆ ಉದ್ದ ತೋಳಿನ ಅಂಗಿ ಹಾಕಿಕೊಂಡು ಹೋಗುವಂತಿಲ್ಲ, ಲೋಹದ ಗುಂಡಿ ಇರುವಂತಿಲ್ಲ, ಜೇಬು ದೊಡ್ಡದಿರುವಂತಿಲ್ಲ. ಹಾಗಾಗಿ ಬೀದಿಯ ಮಕ್ಕಳೆಲ್ಲ ಅಂಗಿ ಹಿಡಿದು ಅವಳ ಮೆಷಿನ್ ಮುಂದೆ ಸಾಲು ನಿಲ್ಲುತ್ತಿದ್ದರು. ತೋಳು ಮೊಣಕೈಗಿಂತ ಮೇಲಿರಬೇಕು ಎಂದು ಒಬ್ಬ ಹೇಳಿದರೆ, ಮೊಣಕೈ ಮುಚ್ಚಿದರೂ ನಡೆಯುತ್ತದೆ ಎಂದು ಇನ್ನೊಬ್ಬಳು ವಾದ ಹೂಡುತ್ತಿದ್ದಳು. ಇಬ್ಬರ ಕೈಯಲ್ಲೂ ಅದೇ ನಿಯಮದ ಹಾಳೆ.

"ಓದೋರು ನೀವು, ಕತ್ತರಿಸೋಳು ನಾನು. ಮೊದಲು ನಿಮ್ಮಲ್ಲೇ ಇತ್ಯರ್ಥ ಮಾಡ್ಕೊಂಡು ಬನ್ನಿ. ಕತ್ತರಿಸಿದ ಮೇಲೆ ತೋಳು ಬೆಳೆಯಲ್ಲ" ಎನ್ನುತ್ತಿದ್ದಳು ಟೈಲರಕ್ಕ.

ಅವಳು ಒಂಬತ್ತನೇ ತರಗತಿಯ ಅರ್ಧದಲ್ಲೇ ಶಾಲೆಗೆ ಶರಣು ಹೊಡೆದವಳು. ಲೆಕ್ಕದ ಮೇಷ್ಟ್ರು ಹಲಗೆಯ ಹತ್ತಿರ ಕರೆದರೆ ಸಾಕು, ಗೊತ್ತಿದ್ದದ್ದೂ ಮರೆತುಹೋಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಹೊಲಿಗೆ ಮೆಷಿನ್ ಮುಂದೆ ಕೂತ ದಿನವೇ ಆ ಭಯ ಬಿಟ್ಟುಹೋಯಿತು. ಪರೀಕ್ಷೆಯೆಂಬುದು ಬೇರೆಯವರ ಮನೆಯ ತಾಪತ್ರಯ, ತನ್ನ ಪಾಲಿಗೆ ಬರೀ ತೋಳು ಮತ್ತು ಗುಂಡಿ ಎಂದು ಅವಳು ನಿಶ್ಚಿಂತಳಾಗಿದ್ದಳು.

ಆ ನಿಶ್ಚಿಂತೆಗೆ ಕಲ್ಲು ಬಿದ್ದದ್ದು ಅಂಗಡಿಯ ಮೇಲಿನ ಮಹಡಿಯ ಹುಡುಗಿಯಿಂದ. ಅವಳು ಮಾತಾಡುವ ವೇಗಕ್ಕೆ ಬೀದಿಯವರೆಲ್ಲ ಅವಳನ್ನು ಪಟಾಕಿ ಎಂದೇ ಕರೆಯುತ್ತಿದ್ದರು. ಪುಸ್ತಕ ಓದುತ್ತಾ ಮೆಟ್ಟಿಲಿಳಿಯಲು ಹೋಗಿ, ಒಂದು ಮೆಟ್ಟಿಲು ತಪ್ಪಿ, ಬಲಗೈ ಮಣಿಕಟ್ಟು ಮುರಿದುಕೊಂಡಳು. ಪರೀಕ್ಷೆ ಎದುರಿಗೇ ಇತ್ತು. ಕೈಗೆ ಬಿದ್ದ ಪ್ಲಾಸ್ಟರು ಅಷ್ಟರೊಳಗೆ ಬಿಚ್ಚುವಂಥದ್ದಲ್ಲ.

ಮರುದಿನ ಪಟಾಕಿಯ ತಾಯಿ ಅಂಗಡಿಗೆ ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳು ಯಾವ ಮಾತನ್ನೂ ಅಳೆದು ತೂಗಿ ಆಡುವವಳು. ಆವತ್ತು ಮಾತ್ರ ಎಡವಿದಳು.

"ಅವಳು ಹೇಳಿದ್ದನ್ನ ಬರೆಯೋಕೆ ಒಬ್ಬರು ಬೇಕಂತೆ. ನೆಂಟರಾಗಿರಬಾರದಂತೆ. ಅವಳಿಗಿಂತ ಕಮ್ಮಿ ಓದಿರಬೇಕಂತೆ. ಅಷ್ಟು ಕಮ್ಮಿ ಓದಿರೋರು ಯಾರಪ್ಪಾ ಅಂತ ಯೋಚನೆ ಮಾಡಿದೆ, ತಕ್ಷಣ ನೀವೇ ಜ್ಞಾಪಕಕ್ಕೆ..." ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಟೈಲರಕ್ಕ ನಕ್ಕುಬಿಟ್ಟಳು. "ಓದದೆ ಇದ್ದದ್ದು ಒಂದು ದಿನ ಉಪಯೋಗಕ್ಕೆ ಬರುತ್ತೆ ಅಂತ ಗೊತ್ತಿದ್ದಿದ್ರೆ ಇನ್ನೂ ಮುಂಚೇನೇ ಶಾಲೆ ಬಿಡ್ತಿದ್ದೆ."

ನಗುನಗುತ್ತಲೇ ಒಪ್ಪಿಕೊಂಡಳು. ತಾಯಿ ಹೋದ ಮೇಲೆ ಲೆಕ್ಕದ ಮೇಷ್ಟ್ರ ಆ ಹಲಗೆ ಕಣ್ಣ ಮುಂದೆ ಬಂತು.

ಅಭ್ಯಾಸ ಶುರುವಾಯಿತು. ಸಂಜೆ ಗಿರಾಕಿಗಳು ಕರಗಿದ ಮೇಲೆ ಪಟಾಕಿ ಕೈಯನ್ನು ಕುತ್ತಿಗೆಗೆ ಜೋಲಿ ಕಟ್ಟಿಕೊಂಡು ಬರುತ್ತಿದ್ದಳು. ಟೈಲರಕ್ಕ ಪ್ರಶ್ನೆ ಓದಬೇಕು, ಪಟಾಕಿ ಎ, ಬಿ, ಸಿ, ಡಿಯಲ್ಲಿ ಒಂದನ್ನು ಹೇಳಬೇಕು, ಟೈಲರಕ್ಕ ಆ ಅಕ್ಷರದ ವೃತ್ತವನ್ನು ಪೆನ್ನಿನಿಂದ ತುಂಬಬೇಕು. ಇಷ್ಟೇ ಕೆಲಸ. ಆದರೆ ಅದಕ್ಕೂ ನೂರೆಂಟು ನಿಯಮ. ಕಪ್ಪು ಪೆನ್ನೇ ಆಗಬೇಕು ಎಂದು ಕೋಚಿಂಗ್ ಮೇಷ್ಟ್ರು ಹೇಳಿದ್ದರು. ಕಪ್ಪಾದರೂ ಸೈ, ನೀಲಿಯಾದರೂ ಸೈ ಎಂದು ಹಾಳೆಯಲ್ಲಿತ್ತು. ಅದೇ ಹಾಳೆಯ ಹಿಂಬದಿಯಲ್ಲಿ, ಪೆನ್ನು ತರಲೇಕೂಡದು, ಕೇಂದ್ರದಲ್ಲೇ ಕೊಡುತ್ತಾರೆ ಎಂದಿತ್ತು.

"ಹಾಗಾದ್ರೆ ಯಾವ ಬಣ್ಣ ತರಬೇಕು ಅಂತ ಮುಂದುಗಡೆ ಯಾಕೆ ಬರೆದಿದ್ದಾರೆ?" ಎಂದು ಟೈಲರಕ್ಕ ಕೇಳಿದಳು.

"ಅದನ್ನ ಕೇಳಬಾರದು ಅಕ್ಕ. ಬರೀ ಪಾಲಿಸಬೇಕು."

"ಯಾವುದನ್ನ?"

ಪಟಾಕಿ ಹಾಳೆಯನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ತಿರುಗಿಸಿ ನೋಡಿದಳು.

ಗುಂಡಿ ಕಾಜ ಹೊಲಿದ ಕೈಗೆ ವೃತ್ತ ತುಂಬುವುದು ನೀರು ಕುಡಿದಷ್ಟು ಸುಲಭವಾಯಿತು. ಗೆರೆಯಾಚೆ ಒಂದು ಚುಕ್ಕೆಯೂ ಹೋಗುತ್ತಿರಲಿಲ್ಲ. ತೊಡಕು ಬಂದದ್ದು ಕಿವಿಯಲ್ಲಿ. ವರ್ಷಗಟ್ಟಲೆ ಮೆಷಿನ್ನಿನ ಸದ್ದು ಕೇಳಿದ ಕಿವಿ, ಮೇಲೆ ಪಟಾಕಿಯ ಓಟದ ಮಾತು. 'ಬಿ' ಎಂದರೆ 'ಡಿ' ಎಂದು, 'ಡಿ' ಎಂದರೆ 'ಬಿ' ಎಂದು ಕೇಳುತ್ತಿತ್ತು. ಮೊದಲ ಅಭ್ಯಾಸ ಪತ್ರಿಕೆಯನ್ನು ತಿದ್ದಿದಾಗ ಪಟಾಕಿ ತಲೆಯ ಮೇಲೆ ಎಡಗೈ ಹೊತ್ತು ಕೂತಳು. ಉಪಾಯ ಹೊಳೆದದ್ದೂ ಅವಳಿಗೇ. ಸುತ್ತ ಕಣ್ಣಾಡಿಸಿ, "ಅಕ್ಕ, ಅಕ್ಷರ ಬೇಡ. ಎ ಅಂದ್ರೆ ಅಂಗಿ, ಬಿ ಅಂದ್ರೆ ಬಟ್ಟೆ, ಸಿ ಅಂದ್ರೆ ಸೂಜಿ, ಡಿ ಅಂದ್ರೆ ದಾರ" ಎಂದಳು. ಅಲ್ಲಿಂದ ಮುಂದೆ ಒಂದೂ ತಪ್ಪಲಿಲ್ಲ. ದಾರಿಯಲ್ಲಿ ಹೋಗುವವರು, ಇವರಿಬ್ಬರೂ ಅಂಗಿ, ದಾರ, ದಾರ, ಸೂಜಿ ಎಂದು ಅದೇನು ಜಪ ಮಾಡುತ್ತಿದ್ದಾರೋ ಎಂದು ನಿಂತು ನೋಡುತ್ತಿದ್ದರು.

ಒಂದು ಸಂಜೆ, ಅಂಗಡಿಯ ಹಿಂದೆ ಚಹಾಕ್ಕೆ ನೀರಿಟ್ಟು ಟೈಲರಕ್ಕ ಒಂದು ಪ್ರಶ್ನೆ ಓದಿದಳು. ಒಲೆಯ ಮೇಲೆ ನೀರು ಕುದಿಯುತ್ತಿರುವಾಗ ಅದರ ಉಷ್ಣತೆ ಏನಾಗುತ್ತದೆ? ಪಟಾಕಿ "ದಾರ" ಎಂದಳು. ಅಂದರೆ, ಇದ್ದಷ್ಟೇ ಇರುತ್ತದೆ.

ಟೈಲರಕ್ಕ ಪೆನ್ನು ಕೆಳಗಿಟ್ಟಳು. "ಕೆಳಗೆ ಬೆಂಕಿ ಉರೀತಾನೇ ಇದೆ. ಬಿಸಿ ಏರದೆ ಇರುತ್ತಾ? ಯಾರ ಕಿವಿಗೆ ಹೂ ಇಡ್ತೀಯೆ?"

ಪಟಾಕಿ ಅವಳನ್ನು ಒಲೆಯ ಹತ್ತಿರ ಎಳೆದೊಯ್ದು, ಒಮ್ಮೆ ಕುದಿ ಬಂದ ಮೇಲೆ ಬೆಂಕಿ ಕೊಡುವ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗಿಬಿಡುತ್ತದೆ, ಬಿಸಿ ಏರಿಸುವುದಕ್ಕೆ ಏನೂ ಮಿಗುವುದಿಲ್ಲ ಎಂದು ವಿವರಿಸಿದಳು. ಟೈಲರಕ್ಕ ಉಕ್ಕುವ ನೀರನ್ನು ಹೊಸದಾಗಿ ಕಂಡವಳಂತೆ ನೋಡಿದಳು. ಇಷ್ಟು ವರ್ಷ ನೀರು ಕಾಯಿಸಿದ್ದಾಳೆ, ಇದು ಗೊತ್ತೇ ಇರಲಿಲ್ಲವಲ್ಲ!

ಪಟಾಕಿ ಫಕ್ಕನೆ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ನಿಮಗೆ ಹೇಳಿಕೊಡಬಾರದಿತ್ತು! ಬರೆಯೋರಿಗೆ ವಿಷಯ ಗೊತ್ತಿರಬಾರದು."

"ಮರೆತುಬಿಡ್ತೀನಿ ಬಿಡು" ಎಂದಳು ಟೈಲರಕ್ಕ. ಆದರೆ ಬೇಕೆಂದಾಗ ಬಿಚ್ಚಿ ತೆಗೆಯಲು ಅದೇನು ಕಚ್ಚಾ ಹೊಲಿಗೆಯೇ?

ಪರೀಕ್ಷೆಯ ಬೆಳಿಗ್ಗೆ ಮೊದಲ ಎಡವಟ್ಟು ಬಾಗಿಲಲ್ಲೇ ಆಯಿತು. ಊರ ಮಕ್ಕಳ ಅಂಗಿಯಿಂದ ಲೋಹ ಕಿತ್ತು ಕಳಿಸಿದ ಟೈಲರಕ್ಕನ ಮೈಮೇಲೇ ಕಾವಲಿನವಳ ಯಂತ್ರ ಕೀ ಕೀ ಎಂದು ಕಿರುಚಿತು. ಹುಡುಕಿದರೆ ಅವಳ ಕಾಲರಿನ ಅಡಿಯಲ್ಲಿ ಗುಂಡುಸೂಜಿಗಳು. ಕೆಲಸ ಮಾಡುವಾಗ ಸಿಕ್ಕಿಸಿಕೊಳ್ಳುವ ಅಭ್ಯಾಸ, ತೆಗೆಯುವುದು ಮರೆತುಹೋಗಿತ್ತು. ಕಾವಲಿನವಳು ಒಂದೊಂದಾಗಿ ಕಿತ್ತು ತಟ್ಟೆಗೆ ಹಾಕುವಷ್ಟರಲ್ಲಿ ಟೈಲರಕ್ಕನ ಮುಖ ಕೆಂಪೇರಿತ್ತು.

ಅವರಿಗೆ ಕೊಟ್ಟದ್ದು ಬೇರೆಯದೇ ಒಂದು ಸಣ್ಣ ಕೋಣೆ. ಹಳೆಯ ಭೂಪಟಗಳು, ಕಾಲು ಮುರಿದ ಬೆಂಚುಗಳು, ಕಟಕಟ ಎನ್ನುವ ಫ್ಯಾನು. ಮೇಲ್ವಿಚಾರಣೆಗೆ ಒಬ್ಬ ಮೇಡಂ ಕೂತಿದ್ದರು. ಗಂಟೆ ಹೊಡೆಯಿತು. ಟೈಲರಕ್ಕ ಮೊದಲ ಪ್ರಶ್ನೆ ಓದಿದಳು.

"ಬಟ್ಟೆ" ಎಂದಳು ಪಟಾಕಿ.

ಎರಡನೆಯದು. "ಸೂಜಿ."

ಮೇಡಂ ತಲೆಯೆತ್ತಿದರು. ಮೂರನೆಯದಕ್ಕೆ "ದಾರ" ಎಂದದ್ದೇ ತಡ, ಎದ್ದು ಬಂದರು. "ಏನಿದು? ಏನು ಸಂಕೇತ ಭಾಷೆ ಇದು?"

ಪಟಾಕಿ ಉಸಿರು ಬಿಡದೆ ವಿವರಿಸಿದಳು. ಅವಳ ವೇಗಕ್ಕೆ ಮೇಡಂಗೆ ಅರ್ಧವೂ ತಿಳಿಯಲಿಲ್ಲ, ಅನುಮಾನ ಮಾತ್ರ ದುಪ್ಪಟ್ಟಾಯಿತು. ಕೇಂದ್ರದ ಮುಖ್ಯಸ್ಥರನ್ನು ಕರೆಸಿದರು. ದಪ್ಪ ಕನ್ನಡಕದ ಮುಖ್ಯಸ್ಥರು ನಿಯಮದ ಪುಸ್ತಕ ಹಿಡಿದೇ ಬಂದು ಪುಟ ತಿರುವಿದರು.

"ಅಭ್ಯರ್ಥಿ ಉತ್ತರವನ್ನು ಹೇಳತಕ್ಕದ್ದು ಅಂತಿದೆ. ಯಾವ ಮಾತಲ್ಲಿ ಅಂತ ಇಲ್ಲ" ಎಂದು ಗೊಣಗಿದರು. "ಆದ್ರೆ ದಾರ ಅನ್ನೋದು ಉತ್ತರ ಅಲ್ವಲ್ಲ."

"ಹಾಗಾದ್ರೆ ಎಡಗೈ ಬೆರಳಲ್ಲಿ ತೋರಿಸ್ತೀನಿ ಸಾರ್" ಎಂದಳು ಪಟಾಕಿ.

ಮೇಡಂ ಅಡ್ಡ ಬಾಯಿ ಹಾಕಿದರು. "ಸನ್ನೆ ಮಾಡೋ ಹಾಗಿಲ್ಲ ಸಾರ್."

"ತೋರಿಸೋದು ಸನ್ನೇನಾ?" ಎಂದು ಮುಖ್ಯಸ್ಥರು ತಮ್ಮನ್ನೇ ಕೇಳಿಕೊಂಡವರಂತೆ ಫ್ಯಾನನ್ನು ನೋಡಿದರು. ಫ್ಯಾನು ಕಟಕಟ ಎಂದಿತು. ಹೊತ್ತು ಸರಿಯುತ್ತಿತ್ತು. ಕೊನೆಗೆ ಅವರು, "ಬರೀ ಅಕ್ಷರ ಹೇಳಿ. ಅನವಶ್ಯಕ ಮಾತು ಬೇಡ. ಕಳೆದ ಹೊತ್ತನ್ನ ಕೊನೇಲಿ ಕೊಡೋಣ, ಅದಕ್ಕೆ ಅವಕಾಶ ಇದೆಯಾ ನೋಡ್ತೀನಿ" ಎಂದು ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡೇ ಹೊರಟುಹೋದರು.

ಟೈಲರಕ್ಕ ಪೆನ್ನು ಹಿಡಿದು ಕೂತಳು. ಅನವಶ್ಯಕ ಮಾತು ಎಂದರೆ ಯಾವುದು? ಕೇಳಿಸದಿದ್ದರೆ ಇನ್ನೊಮ್ಮೆ ಕೇಳುವುದು ಅವಶ್ಯಕವೋ, ಅನವಶ್ಯಕವೋ? ಅವರನ್ನೇ ಕೇಳೋಣವೆಂದರೆ, ಹಾಗೆ ಕೇಳುವುದೇ ಅನವಶ್ಯಕ ಮಾತಾಗಿಬಿಟ್ಟರೆ? ಮೇಡಂ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಕೂತಿದ್ದರು. ಟೈಲರಕ್ಕನ ನಾಲಿಗೆ ಅಂಗುಳಕ್ಕೆ ಅಂಟಿತು.

ಪಟಾಕಿ ಪಾಪ, ಅಕ್ಷರಗಳನ್ನು ಬಿಡಿಸಿ ಬಿಡಿಸಿ ಹೇಳಿದಳು. ಟೈಲರಕ್ಕ ಅವಳ ತುಟಿಯನ್ನೇ ನೋಡಿದಳು. 'ಬಿ' ಎನ್ನುವಾಗ ತುಟಿ ಕೂಡುತ್ತದೆ, 'ಡಿ' ಎನ್ನುವಾಗ ಕೂಡುವುದಿಲ್ಲ ಎಂದು ಗೊತ್ತಾದ ಮೇಲೆ ಜೀವ ಬಂದಂತಾಯಿತು. ಹಾಗೇ ಕುಂಟುತ್ತಾ ಪತ್ರಿಕೆ ಮುಕ್ಕಾಲು ಮುಗಿಯಿತು. ಹೊತ್ತಾಗುತ್ತಿದೆ ಎಂದು ಪಟಾಕಿ ಮತ್ತೆ ವೇಗ ಹೆಚ್ಚಿಸಿದಳು.

ಆಗ ಬಂತು ನೋಡಿ ಆ ಪ್ರಶ್ನೆ. ಕುದಿಯುವ ನೀರಿನದು. ಓದುವಾಗಲೇ ಟೈಲರಕ್ಕನಿಗೆ ಹಳೇ ಪರಿಚಯದವರು ಎದುರಾದಂತಾಯಿತು. ಬಿ ಎಂದರೆ 'ಏರುತ್ತಲೇ ಹೋಗುತ್ತದೆ', ಡಿ ಎಂದರೆ 'ಇದ್ದಷ್ಟೇ ಇರುತ್ತದೆ'. ಓದಿ ಮುಗಿಸಿ, ಇನ್ನೂ ಹಾಳೆಯಿಂದ ತಲೆ ಎತ್ತಿರಲಿಲ್ಲ, ಪಟಾಕಿ ಹೇಳಿಬಿಟ್ಟಳು. ತುಟಿ ಕಾಣಲಿಲ್ಲ. ಕಿವಿಗೆ ಬಿದ್ದದ್ದು 'ಬಿ'.

ಅಥವಾ ಬಿದ್ದಂತಾಯಿತು. ಇವಳಿಗೆ ಇದು ಗೊತ್ತಲ್ಲ, ಬಿ ಎನ್ನಲು ಸಾಧ್ಯವೇ? ಅವಸರದಲ್ಲಿ ಬಾಯಿ ತಪ್ಪಿರಬಹುದೇ? ತಪ್ಪಿದ್ದರೆ ತಪ್ಪನ್ನೇ ತುಂಬಬೇಕಲ್ಲವೇ? ಪಟಾಕಿ ಮುಂದಿನ ಪ್ರಶ್ನೆಗೆ ಕಾಯುತ್ತಾ ಕಾಲು ಕುಣಿಸುತ್ತಿದ್ದಳು. ಮೇಡಂ ನೋಡುತ್ತಿದ್ದರು. ಟೈಲರಕ್ಕನ ಕೈ ಹೋಗಿ ಡಿಯ ವೃತ್ತವನ್ನು ತುಂಬಿತು.

ಹೊರಗೆ ಬಂದಾಗ ಪಟಾಕಿಯ ತಾಯಿ ಟೈಲರಕ್ಕನ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಉಪಕಾರ ಈ ಜನ್ಮದಲ್ಲಿ ತೀರಿಸೋಕಾಗಲ್ಲ." ಟೈಲರಕ್ಕ ಕೈ ಬಿಡಿಸಿಕೊಂಡು, ತಟ್ಟೆಯಲ್ಲಿದ್ದ ಗುಂಡುಸೂಜಿಗಳನ್ನು ತರಲು ಕಾವಲಿನವಳ ಕಡೆ ನಡೆದಳು. ಆ ವಾರ ಹೊಲಿದ ಅಂಗಿಗೆ ಎರಡೂ ಎಡ ತೋಳುಗಳನ್ನೇ ಇಟ್ಟು, ಬಿಚ್ಚಿ, ಮತ್ತೆ ಹೊಲಿದಳು.

ಸರಿಯುತ್ತರಗಳು ಪ್ರಕಟವಾದ ದಿನ ಪಟಾಕಿ ಕುಣಿಯುತ್ತಾ ಅಂಗಡಿಗೆ ಬಂದಳು. ಪ್ರಶ್ನೆಪತ್ರಿಕೆಯನ್ನೂ ತಾವು ತುಂಬಿದ ಉತ್ತರ ಹಾಳೆಯ ಪ್ರತಿಯನ್ನೂ ತೆರೆದು ಒಂದೊಂದನ್ನೇ ಹೋಲಿಸತೊಡಗಿದಳು. "ನೀರಿಂದು ಡಿ. ನಾವೂ ಡಿ."

ಟೈಲರಕ್ಕ ಮೆಷಿನ್ ನಿಲ್ಲಿಸಿದಳು. "ನೀನು ಆವತ್ತು ಏನಂದೆ?"

"ಡಿ ಅಂದೆ."

"ನನಗೆ ಬಿ ಅಂತ ಕೇಳಿಸ್ತು ಕಣೇ. ನಾನು ಡಿ ತುಂಬಿದೆ."

ಪಟಾಕಿಯ ಕುಣಿತ ನಿಂತಿತು. ಹುಡುಗಿ ಸ್ಟೂಲಿನ ಮೇಲೆ ಕುಸಿದು ಕೂತು, ಕಣ್ಣು ಮುಚ್ಚಿ, ಆ ಕೋಣೆಯನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. "ನಾನು ಬಿ ಅನ್ನಲ್ಲ ಅಕ್ಕ. ನಿಮಗೆ ಒಲೆ ಹತ್ತಿರ ನಿಲ್ಲಿಸಿ ಹೇಳಿಕೊಟ್ಟೋಳೇ ನಾನು." ಕಣ್ಣು ತೆರೆದು, "ಆದ್ರೆ ಆಗ ತಲೆ ಗಿರ್ ಅಂತಿತ್ತು. ಅಂದಿದ್ರೂ ಅಂದಿರಬಹುದು" ಎಂದಳು. ಆಮೇಲೆ ಸಿಟ್ಟು ಬಂತು. "ನಾನು ಬಿ ಅಂದಿದ್ರೆ ಬಿ ತುಂಬಬೇಕಿತ್ತು! ಈಗ ಅದು ನನ್ನ ಉತ್ತರಾನೋ, ನಿಮ್ಮದೋ?"

"ಅದೇ ನನಗೂ ಗೊತ್ತಾಗ್ತಿಲ್ಲ" ಎಂದಳು ಟೈಲರಕ್ಕ. "ಕೈ ತುಂಬಿದ್ದು ಕಿವಿ ಮಾತು ಕೇಳಿಯೋ, ಆಸೆ ಮಾತು ಕೇಳಿಯೋ, ಆ ದೇವರಿಗೇ ಗೊತ್ತು."

ಪಟಾಕಿ ಪತ್ರಿಕೆ ಮಡಿಸಿಕೊಂಡು ಮಹಡಿ ಹತ್ತಿದಳು. ಕೆಲವು ದಿನ ಅಂಗಡಿಯ ಮುಂದೆಯೇ ಹಾದುಹೋದರೂ ಒಳಗೆ ಬರಲಿಲ್ಲ. ಟೈಲರಕ್ಕ ತಾನಾಗಿ ಕರೆಯಲಿಲ್ಲ, ಆದರೂ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿದಾಗೆಲ್ಲ ಅವಳ ಸೂಜಿ ತಪ್ಪುತ್ತಿತ್ತು.

ಫಲಿತಾಂಶ ಬಂದಾಗ ಪಟಾಕಿಗೆ ಸೀಟು ಸಿಕ್ಕಿತ್ತು. ಅವಳೇ ಬಂದು ಹೇಳಿದಳು. "ಆ ಒಂದನ್ನ ತೆಗೆದುಹಾಕಿದ್ರೂ ಸೀಟು ಅಲ್ಲಾಡ್ತಿರಲಿಲ್ಲ ಅಕ್ಕ. ನಾನು ಕೂತು ಲೆಕ್ಕ ಹಾಕಿದೀನಿ." ಆಮೇಲೆ ಪ್ಲಾಸ್ಟರು ಬಿಚ್ಚಿದ ಬಡಕಲು ಕೈಯಿಂದ ಟೈಲರಕ್ಕನ ಭುಜ ಹಿಡಿದು, "ನೀವು ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಯಾಕೆ ಹೇಳಿದ್ರಿ?" ಎಂದು ಕೇಳಿದಳು.

"ಹೊಟ್ಟೇಲಿ ಇಟ್ಕೊಂಡು ಹೊಲಿಯೋಕಾಗಲಿಲ್ಲ" ಎಂದಳು ಟೈಲರಕ್ಕ. ಇಬ್ಬರೂ ನಕ್ಕರು. ಟೈಲರಕ್ಕನಿಗೆ ಮನಸ್ಸು ಹಗುರಾಯಿತು. ಪೂರ್ತಿ ಆಯಿತೆಂದು ಹೇಳಲಾಗದು.

ಮುಂದಿನ ವರ್ಷ ಬೇರೊಂದು ಕರೆ ಬಂತು. ಕಣ್ಣು ಮಂಜಾದ ಒಬ್ಬ ಹೆಂಗಸು ಬ್ಯಾಂಕಿನ ಪರೀಕ್ಷೆಗೆ ಕೂರುವವಳಿದ್ದಳು, ಬರೆಯಲು ಯಾರೂ ಸಿಕ್ಕಿರಲಿಲ್ಲ. ಬೇಡವೆಂದೇ ಟೈಲರಕ್ಕ ಬಾಯಿ ತೆರೆದಳು. ಆದರೆ ಆ ಹೆಂಗಸು ಬಾಗಿಲಲ್ಲಿ ನಿಂತು ಗೋಡೆಯನ್ನು ತಡವಿಕೊಂಡ ರೀತಿ ನೋಡಿ, ಆಗಲಿ ಎಂದುಬಿಟ್ಟಳು.

ಈ ಸಲ ಕೋಣೆಗೆ ಹೋದವಳೇ ಕೂರಲಿಲ್ಲ. ಎಳೆ ವಯಸ್ಸಿನ ಮೇಲ್ವಿಚಾರಕನ ಮೇಜಿನ ಮುಂದೆ ನೆಟ್ಟಗೆ ನಿಂತಳು. "ಸಾರ್, ಮೊದಲೇ ಹೇಳಿಬಿಡ್ತೀನಿ. ಇವರು ಹೇಳಿದ್ದು ನನಗೆ ಕೇಳಿಸದೆ ಇದ್ರೆ ಇನ್ನೊಂದ್ಸಲ ಕೇಳ್ತೀನಿ. ಹಾಗೆ ಕೇಳಬಾರದು ಅಂತಿದ್ರೆ ಈಗಲೇ ನನ್ನ ಆಚೆ ಕಳಿಸಿ."

ಅವನು ಗಾಬರಿಯಿಂದ ನಿಯಮದ ಪುಸ್ತಕದ ಹಾಳೆಗಳನ್ನು ಮಗುಚಿದ. "ಇದರ ಬಗ್ಗೆ ಇಲ್ಲಿ ಏನೂ ಬರೆದಿಲ್ವಲ್ಲಮ್ಮ."

"ಬರೆದಿಲ್ಲ ಅಂದ್ರೆ ಕೇಳಬಹುದು ಅಂತಾನೋ, ಕೇಳಬಾರದು ಅಂತಾನೋ?"

ಅವನು ಅವಳ ಮುಖ ನೋಡಿದ, ಪುಸ್ತಕ ನೋಡಿದ, ಕೊನೆಗೆ ಅದನ್ನು ಮುಚ್ಚಿದ. "ಕೇಳಿ" ಎಂದ.

ಟೈಲರಕ್ಕ ಕೂತು, ಮೊದಲ ಪ್ರಶ್ನೆಯನ್ನು ಓದಿದಳು.