ಸೆರಗಿನ ಮಾತು

ಜಮಖಂಡಿಯ ಟಾಕೀಸಿನಲ್ಲಿ ಜನ ಸೀಟಿ ಹೊಡೆದರು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ದಪ್ಪ ಮೀಸೆಯವನೊಬ್ಬ ಟವೆಲಿನಿಂದ ಕಣ್ಣೊರೆಸಿಕೊಂಡ. ಕಾಂಚನಾಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಪರದೆಯ ಮೇಲೆ ನಾಯಕಿ ಅಂಜನಾ ಗಂಡನ ಹೆಣದ ಮುಂದೆ ಕೂತು, ಮಗ್ಗದ ಕಂಬಕ್ಕೆ ಅಂಗೈ ಬಡಿಯುತ್ತ ಅಳುತ್ತಿದ್ದಳು: "ಒಡಲು ನೇದ್ಯೋ ನನ್ನ ರಾಜಾ, ಸೆರಗು ಯಾರಿಗೆ ಬಿಟ್ಯೋ!"

"ಏನ್ ಆ್ಯಕ್ಟಿಂಗ್ ಬೇ ಯವ್ವಾ!" ಪಕ್ಕದಲ್ಲಿದ್ದ ಸರಿತಾ ಮೂಗೊರೆಸಿಕೊಂಡಳು. ಬನಹಟ್ಟಿಯ ಅದೇ ಓಣಿಯವಳು, ಒತ್ತಾಯ ಮಾಡಿ ಕಾಂಚನಾಳನ್ನು ಸಿನಿಮಾಕ್ಕೆ ಎಳೆದುಕೊಂಡು ಬಂದವಳೂ ಅವಳೇ. "ಕರಳು ಕಿತ್ತ ಬರ್ತೈತಿ. ಹಿಂಗ ಅಳಾಕ ಹುಟ್ಟೇ ಬರಬೇಕ."

"ಅದು ನನ್ನ ಅಳು," ಎಂದಳು ಕಾಂಚನಾ.

"ಸುಮ್ನ ಕುಂದರ ಬೇ, ಸೀನ್ ನಡದೈತಿ."

ಅವಳದೇ ಅಳು, ಮತ್ಯಾರದು? ಕೊರೋನಾದ ವರ್ಷ ಅವಳ ಗಂಡ ಪ್ರಭುಲಿಂಗ ಸೀರೆಯ ಒಡಲು ನೇಯ್ದು ಮುಗಿಸಿ, ಸೆರಗಿಗೆ ಕೈ ಹಚ್ಚುವ ಮೊದಲೇ ಜ್ವರ ಬಂದು ಮಲಗಿ ಸತ್ತ. ಓಣಿಯ ಒಂದು ನರಪಿಳ್ಳೆಯೂ ಬಾಗಿಲಿಗೆ ಬರಲಿಲ್ಲ. ಸತ್ತವರ ಮುಂದೆ ಹಾಡಿಕೊಂಡು ಅಳುವುದು ಆ ಕಡೆಯ ಹೆಂಗಸರ ರೂಢಿ. ಸತ್ತವರ ಕೆಲಸ, ಊಟ, ಸಿಟ್ಟು, ಎಲ್ಲವೂ ಆ ಅಳುವಿನಲ್ಲಿ ಬರಬೇಕು. ಬಂದ ಹೆಂಗಸರು ದನಿಗೂಡಿಸಬೇಕು. ಕಾಂಚನಾ ಒಬ್ಬಳೇ ಅತ್ತಳು. ಕೇಳಿದವಳು ಅತ್ತೆ ಸುಂದರವ್ವ ಒಬ್ಬಳೇ.

ಮುಂದೆ ಸಿನಿಮಾದವರು ಬಂದರು. ನೇಕಾರರ ಬದುಕು ನೋಡಬೇಕೆಂದು ಅಂಜನಾ ಇವರ ಮನೆಯಲ್ಲೇ ಉಳಿದಳು. ಅಕ್ಕಾ ಅಕ್ಕಾ ಎಂದು ರೊಟ್ಟಿ ತಿಂದಳು, ಲಾಳಿಗೆ ಹಾಕುವ ನೂಲಿನ ಕಂಡಕಿ ಸುತ್ತಲು ಕಲಿತಳು. ಒಂದು ಮಧ್ಯಾಹ್ನ "ಅಣ್ಣ ಹೋದಾಗ ಹೇಗಿತ್ತಕ್ಕ?" ಎಂದು ಕೇಳಿದಳು. ಕಾಂಚನಾ ಹೇಳುತ್ತ ಹೇಳುತ್ತ ಅತ್ತೇಬಿಟ್ಟಳು. ಹುಡುಗಿಯೂ ಕೈ ಹಿಡಿದುಕೊಂಡು ಅತ್ತಳು. ಅಯ್ಯೋ ಪಾಪ, ಎಷ್ಟು ಮೆತ್ತಗಿನ ಮನಸ್ಸು ಎಂದು ಇವಳೇ ಚಹಾ ಮಾಡಿ ಕುಡಿಸಿದ್ದಳು! ಈಗ ನೋಡಿದರೆ ಅಂಗೈ ಬಡಿದದ್ದು, ಮಾತಿನ ನಡುವೆ ಉಸಿರು ಸಿಕ್ಕಿಕೊಂಡದ್ದು, ಒಂದನ್ನೂ ಬಿಡದೆ ಎತ್ತಿಕೊಂಡು ಹೋಗಿದ್ದಾಳೆ ಕಳ್ಳಿ. ಮೇಲಾಗಿ ಮೊನ್ನೆ ಟಿವಿಯವರು ಅಳುವ ಸೀನಿನ ಬಗ್ಗೆ ಕೇಳಿದಾಗ, "ಆ ಮಾತು ಯಾರೂ ಬರೆದದ್ದಲ್ಲ, ಆ ಕ್ಷಣಕ್ಕೆ ನನ್ನೊಳಗಿನಿಂದ ತಾನಾಗಿ ಬಂತು" ಎಂದು ಕಣ್ಣು ತುಂಬಿಕೊಂಡಿದ್ದಳು.

ಮನೆಗೆ ಬಂದು ಹೇಳಿದಾಗ ಸುಂದರವ್ವ ಕೆಂಡವಾದಳು. "ನನ್ನ ಮಗನ ಹೆಣದ ಮುಂದಿನ ಮಾತದು! ಅಕಿ ಬಾಯಾಗ ಹುಳಾ ಬೀಳ್ಲಿ!" ಆಮೇಲೆ ಸೊಸೆಯ ತಲೆ ಸವರಿದಳು. "ಮಂದಿ ಏನರ ಅನ್ಲಿ ಬಿಡ. ನಾ ಕೇಳೇನಿ, ನನಗ ಗೊತ್ತೈತಿ."

ಆ ಒಂದು ಮಾತಿನ ಬಲದ ಮೇಲೆ ಕಾಂಚನಾ ತಡೆದುಕೊಂಡಳು. ಊರಿಗೆ ಊರೇ ಆ ತುಣುಕನ್ನು ಮೊಬೈಲಿನಲ್ಲಿ ತಿರುತಿರುಗಿ ನೋಡಿತು. ಹಾಲು ಹಾಕುವವನ ಬಾಯಲ್ಲೂ ಸೆರಗಿನ ಮಾತು, ನೂಲಿನ ಅಂಗಡಿಯವನ ಬಾಯಲ್ಲೂ ಸೆರಗಿನ ಮಾತು. ಅದು ನನ್ನದು ಎಂದರೆ, "ಹೌದ್ ಬಿಡವಾ, ನೀನ ಹೀರೋಯಿನ್" ಎಂದು ನಕ್ಕರು. ಮನೆಗೆ ಬಂದು ಅತ್ತೆಯ ಮುಂದೆ ಬೈದು ಹಗುರಾಗುತ್ತಿದ್ದಳು.

ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ ಸುಂದರವ್ವ ಕಂಡಕಿ ಸುತ್ತುತ್ತ ಕೂತಲ್ಲೇ ವಾಲಿದಳು. ಜೀವ ಹೋಗಿತ್ತು. ಓಣಿಯ ಮಗ್ಗಗಳೆಲ್ಲ ನಿಂತವು. ಈ ಸಲ ಜನ ಬಂದರು, ಕಾಲಿಡಲು ಜಾಗವಿಲ್ಲದಷ್ಟು. ಹಣೆಗೆ ವಿಭೂತಿ ಬಳಿದು ಮುದುಕಿಯನ್ನು ಗೋಡೆಗೆ ಒರಗಿಸಿ ಕೂರಿಸಿದರು. ಗಂಡನಿಗಂತೂ ಒಬ್ಬಳೇ ಅತ್ತಾಯಿತು, ಅತ್ತೆಗಾದರೂ ಓಣಿಯೆಲ್ಲ ದನಿಗೂಡಿಸಿ ಕಳಿಸಿಕೊಡಲಿ ಎಂದುಕೊಂಡು ಕಾಂಚನಾ ಬಾಯಿ ತೆರೆದಳು.

"ಕಂಡಕಿ ಸುತ್ತಿಟ್ಟು ಹೋದ್ಯಲ್ಲ ನನ್ನವ್ವಾ, ಕಡದ ಎಳಿ ಇನ್ಯಾರ ಹುರಿ ಮಾಡಿ ಕೊಡ್ತಾರವ್ವಾ..." ಅವಳ ಅಂಗೈ ತಾನಾಗಿಯೇ ಮಗ್ಗದ ಕಂಬಕ್ಕೆ ಬಡಿಯಿತು.

ಯಾರೂ ದನಿಗೂಡಿಸಲಿಲ್ಲ. ಬೆನ್ನ ಹಿಂದೆ ಗುಸುಗುಸು ಶುರುವಾಯಿತು.

"ಥೇಟ್ ಅಂಜನಾ ಬೇ!" ಸರಿತಾಳ ದನಿ. "ಕೈ ಬಡಿಯೂದ ನೋಡ, ಹೆಂಗ ಕಲ್ತಾಳ."

"ತಡಿ, ಈಗ ಸೆರಗಿನ ಮಾತು ಬರ್ತೈತಿ," ಎಂದು ಇನ್ನೊಬ್ಬಳು ಮೊಬೈಲ್ ಎತ್ತಿ ಹಿಡಿದಳು.

ಕಾಂಚನಾ ತಿರುಗಿ ನೋಡಿದಳು. ಎಲ್ಲರೂ ಕತ್ತು ಚಾಚಿ ಕಾಯುತ್ತಿದ್ದರು, ಟಾಕೀಸಿನಲ್ಲಿ ಕಾದ ಹಾಗೆಯೇ. ಇವರ ಕಣ್ಣಿಗೆ ಬೆಂಕಿ ಬೀಳಲಿ! ಹೆಣದ ಮನೆಗೆ ಬಂದಿದ್ದಾರೋ, ಆಟ ನೋಡಲು ಬಂದಿದ್ದಾರೋ? ಅಂದು ಒಬ್ಬಳು ಕದ್ದಳು. ಇಂದು ಇವರೆಲ್ಲರ ಮುಂದೆ ಇನ್ನೊಂದು ಅಳುವನ್ನೂ ಬಿಚ್ಚಿ ಹರವಬೇಕೆ? ಅತ್ತೆಯ ಮುಖ ನೋಡಿದಳು. ನಿಜ ಗೊತ್ತಿದ್ದ ಒಬ್ಬಳೇ ಒಬ್ಬಳು ಕಣ್ಣು ಮುಚ್ಚಿ ಕೂತಿದ್ದಳು. ಕಾಂಚನಾ ಹಲ್ಲು ಕಚ್ಚಿ, ಬಂದದ್ದನ್ನೆಲ್ಲ ನುಂಗಿಕೊಂಡಳು.

ಹೆಣ ಎತ್ತಿದಾಗಲೂ ಅವಳು ತುಟಿ ಬಿಚ್ಚಲಿಲ್ಲ. ಜನ ಅಂಗಳದಿಂದ ಹೊರಡುವಾಗ ಸರಿತಾ ಎಲ್ಲರಿಗೂ ಕೇಳುವಂತೆ ನಿಟ್ಟುಸಿರಿಟ್ಟಳು.

"ಅತ್ತಿ ಸತ್ತರ ಸೊಸಿ ಕಣ್ಣಾಗ ಒಂದ್ ಹನಿ ನೀರಿಲ್ಲ. ಅಂಥಾ ಸಿನಿಮಾ ತೋರಿಸಿಕೊಂಡ ಬಂದ್ನಿ, ಅಷ್ಟಾದ್ರೂ ಈಕಿಗೆ ಅಳೂದ ಬರಲಿಲ್ಲ ನೋಡ್ರಿ."