ಡಿಪ್ಪರ್ ಕೊಡದ ಲಾರಿ

ಹದಿನೈದು ವರ್ಷ ಲಾರಿ ಓಡಿಸಿದ ಗೌಸಸಾಬನಿಗೆ ರಾತ್ರಿಯ ರಸ್ತೆ ಹೊಸದೇನಲ್ಲ. ಆದರೆ ಸವಣೂರಿನ ವೀಳ್ಯದೆಲೆ ವ್ಯಾಪಾರಿ ಬಸವಣ್ಣೆಪ್ಪನವರ ತಗ್ಗು ಕಾರಿನ ಸ್ಟೇರಿಂಗ್ ಹಿಡಿದ ಮೂರೇ ತಿಂಗಳಲ್ಲಿ, ಎದುರಿಗೆ ಲಾರಿ ಬಂದರೆ ಸಾಕು, ಕಣ್ಣಮುಂದೆ ಹಾಲು ಚೆಲ್ಲಿದಂತಾಗಿ ದಾರಿಯೇ ಮಾಯವಾಗತೊಡಗಿತು. ರಸ್ತೆ ಅದೇ, ಕಣ್ಣೂ ಅವೇ. ಹಾಗಾದರೆ ಬದಲಾದದ್ದೇನು?

ತಲೆ ಕೆಡಿಸಿಕೊಳ್ಳಲು ಕಾರಣವಿತ್ತು. ಈ ಕೆಲಸ ಸಿಕ್ಕಿದ್ದೇ ಇನ್ನೊಬ್ಬನ ಕಣ್ಣು ಹೋಯಿತೆಂದು. ಹಿಂದಿನ ಡ್ರೈವರ್, ಚಿಕ್ಕೇರೂರಿನ ಫಕ್ಕೀರಪ್ಪ, ಒಂದು ರಾತ್ರಿ ಶಿಗ್ಗಾಂವಿ ರಸ್ತೆಯಲ್ಲಿ ಇದೇ ಕಾರನ್ನು ಜೋಳದ ಹೊಲಕ್ಕೆ ಇಳಿಸಿದ್ದ. ಎದುರಿಗೆ ಲಾರಿ ತಂದಿದ್ದವನು ಗೌಸಸಾಬನೇ. ಹಗ್ಗ ಕಟ್ಟಿ ಕಾರನ್ನು ಎಳೆದುಕೊಟ್ಟವನೂ ಅವನೇ, "ನನಗ ಎಲ್ಲಾ ನಿಚ್ಚಳ ಕಾಣತಿತ್ತರಿ, ಇವರ ಕಣ್ಣ ಹೋಗ್ಯಾವ" ಎಂದು ಕಾರಿನ ಧಣಿ ಬಸವಣ್ಣೆಪ್ಪನವರಿಗೆ ಹೇಳಿದವನೂ ಅವನೇ. ಸುಳ್ಳು ಹೇಳಿದ್ದಲ್ಲ, ನಂಬಿಯೇ ಹೇಳಿದ್ದ. ಈಗ ತನ್ನ ಸಂಗತಿ ಧಣಿಗೆ ಗೊತ್ತಾದರೆ ತಾನೂ ಮನೆಗೇ.

ಹೆಂಡತಿ ಹಾಜರಾಬಿ ಕಣ್ಣಿಗೆ ಸುರ್ಮಾ ಹಚ್ಚಿದಳು. ಹುಬ್ಬಳ್ಳಿಯ ಡಾಕ್ಟರು ಇರುವೆಯಷ್ಟು ಅಕ್ಷರ ಓದಿಸಿ, ಕಣ್ಣು ಹದ್ದಿನಂತಿವೆ ಎಂದು ಕಳಿಸಿದರು. ಹದ್ದಿಗೆ ಯಾವ ಲಾರಿ ಎದುರು ಬಂದಿದೆ ಎಂದು ಗೌಸಸಾಬ ಗೊಣಗಿಕೊಂಡ. ದಾರಿ ಕಂಡೀತೆಂದು ಸೀಟಿಗೆ ಗೋಣಿಚೀಲ ಮಡಚಿ ಹಾಕಿ ಕುಳಿತರೆ ತಲೆ ಕಾರಿನ ಛಾವಣಿಗೆ ಬಡಿಯಿತು.

ಗುಟ್ಟು ಬಿಚ್ಚಿದ್ದು ಒಂದು ರಾತ್ರಿ ಬಂಕಾಪುರದ ಹತ್ತಿರದ ಚಹಾದಂಗಡಿಯಲ್ಲಿ. ಹಳೆಯ ಗೆಳೆಯ ಮೈಲಾರಪ್ಪ ಲಾರಿಯ ದೀಪ ಹಚ್ಚಿಟ್ಟೇ ಚಹಾ ಕುಡಿಯುತ್ತಿದ್ದ. ಅದರ ಮುಂದೆ ಚಪ್ಪಲಿಯ ಉಂಗುಷ್ಟ ಸರಿಮಾಡಲು ಗೌಸಸಾಬ ಕುಕ್ಕರಗಾಲಲ್ಲಿ ಕುಳಿತ. ಕಣ್ಣಮುಂದೆ ಅದೇ ಹಾಲು ಚೆಲ್ಲಿತು. ಎದ್ದ, ಕಡಿಮೆಯಾಯಿತು. ಕುಳಿತ, ಮತ್ತೆ ಚೆಲ್ಲಿತು. ಅಂಗಡಿಯ ಬೆಂಚಿನ ಮೇಲೆ ಹತ್ತಿ ನಿಂತ, ದಾರಿಯೆಲ್ಲ ನಿಚ್ಚಳ. ಅವನು ಹತ್ತಾರು ಸಲ ಎದ್ದು ಕುಳಿತದ್ದನ್ನು ಕಂಡ ಮೈಲಾರಪ್ಪ, ಯಾವ ಮಾಸ್ತರರು ಬಸ್ಕಿ ಹಾಕಿಸುತ್ತಿದ್ದಾರೆಂದು ನಕ್ಕ.

ಗೌಸಸಾಬ ನಗಲಿಲ್ಲ. ಎದುರಿಗೆ ಬಂದವರಿಗಾಗಿ ದೀಪ ತಗ್ಗಿಸುವುದಕ್ಕೆ ಡಿಪ್ಪರ್ ಕೊಡುವುದು ಎನ್ನುತ್ತಾರೆ. ಲಾರಿಗೆ ಲಾರಿ ಕೊಡುತ್ತದೆ. ಸಣ್ಣ ಗಾಡಿಗೆ ಕೊಡುವುದು ಲಾರಿಯವರಿಗೆ ಮರ್ಯಾದೆಗೇಡು. ಹದಿನೈದು ವರ್ಷ ಅವನೂ ಕೊಟ್ಟಿರಲಿಲ್ಲ. ಫಕ್ಕೀರಪ್ಪನ ಕಾರು ಹೊಲಕ್ಕಿಳಿದ ಆ ರಾತ್ರಿಯೂ ಕೊಟ್ಟಿರಲಿಲ್ಲ. ಎತ್ತರದಲ್ಲಿ ಕುಳಿತವನಿಗೆ ನಿಚ್ಚಳ ಕಾಣದೆ ಇನ್ನೇನು? ಅವನಿಗೆ ನಾಚಿಕೆಯಾಯಿತು.

ಮುಂದಿನ ವಾರ ಧಣಿಯನ್ನು ಹಿರೇಕೆರೂರಿಗೆ ಕರೆದೊಯ್ದವನು, ಮರಳುವಾಗ ಹೇಳದೆ ಕೇಳದೆ ಕಾರನ್ನು ಚಿಕ್ಕೇರೂರಿಗೆ ತಿರುಗಿಸಿದ. ಹೊತ್ತು ಮುಳುಗಿತ್ತು. ಊರ ಹೊರಗೆ ಫಕ್ಕೀರಪ್ಪ ಸೈಕಲ್ಲು ತಳ್ಳಿಕೊಂಡು ನಡೆದು ಬರುತ್ತಿದ್ದ. ಗೌಸಸಾಬ ಇಳಿದು, ಧಣಿಗೂ ಕೇಳುವಂತೆ ಹೇಳಿದ:

"ನಿಮ್ಮ ಕಣ್ಣ ಹೋಗಿಲ್ಲರಿ ಫಕ್ಕೀರಪ್ಪಣ್ಣ. ಅವತ್ತ ದೀಪ ಇಳಸಲಿಲ್ಲ ನಾನು. ತಪ್ಪು ನಂದು."

ಫಕ್ಕೀರಪ್ಪ ಸೈಕಲ್ಲನ್ನು ದಾರಿಬದಿಯ ಗಿಡಕ್ಕೆ ಆನಿಸಿದ. "ಆವತ್ತಿಂದ ಕತ್ತಲಾದಮ್ಯಾಲ ಸೈಕಲ್ಲೂ ಹತ್ತಿಲ್ಲೋ," ಎಂದ. "ಕಣ್ಣ ಹೋಗ್ಯಾವಂತ ನಾನೂ ನಂಬಿಬಿಟ್ಟಿದ್ದೆ."

ಗೌಸಸಾಬ ಚಾವಿಯನ್ನು ಅವನ ಕೈಗಿಟ್ಟು ತಾನು ಎಡಗಡೆಯ ಸೀಟಿನಲ್ಲಿ ಕುಳಿತ. ಹಿಂದಿದ್ದ ಬಸವಣ್ಣೆಪ್ಪನವರು ಬೇಡವೆನ್ನಲಿಲ್ಲ. ದೊಡ್ಡ ರಸ್ತೆಯಲ್ಲಿ ಮೊದಲ ಲಾರಿ ದೀಪ ಇಳಿಸದೆ ಬಂತು.

"ಅದನ್ನ ನೋಡಬ್ಯಾಡ್ರಿ. ಎಡಕ್ಕ ಸುಣ್ಣ ಹಚ್ಚಿದ ಗಿಡದ ಬುಡ ನೋಡ್ರಿ, ಸಾವಕಾಶ ಹೋಗ್ರಿ," ಎಂದ ಗೌಸಸಾಬ.

ಫಕ್ಕೀರಪ್ಪ ಹಾಗೆಯೇ ಮಾಡಿದ. ಕಾರು ದಾರಿ ಬಿಡಲಿಲ್ಲ. ಗೌಸಸಾಬ ಮಾತ್ರ ಮುಖ ತಿರುಗಿಸದೆ, ಕಣ್ಣಲ್ಲಿ ನೀರು ಬಂದರೂ, ಲಾರಿ ದಾಟಿ ಹೋಗುವವರೆಗೆ, ತಾನು ಹದಿನೈದು ವರ್ಷ ಸಣ್ಣ ಗಾಡಿಗಳ ಮೇಲೆ ಚೆಲ್ಲಿದ ಆ ಬೆಳಕನ್ನೇ ನೋಡುತ್ತ ಕುಳಿತ.